ಕನ್ನಡ ನ್ಯೂಸ್ ಚಾನೆಲ್‌ಗಳ ಚರ್ಚೆಯಲ್ಲಿ ಎಲ್ಲರೂ ಯಾಕೆ ಕೂಗಾಡುತ್ತಾರೆ? ಅದರಿಂದ ಏನಾದರೂ ಪ್ರಯೋಜನ ಇದೆಯಾ?

ಆಂಕರ್‌ನ ಬೈದು ಪ್ರಯೋಜನ ಇಲ್ಲ. ಕೂಗಾಟ ಮಧ್ಯಾಹ್ನವೇ ನಿಗದಿ ಆಗಿರುತ್ತದೆ. ನಾನು ಒಂದು ಚಾನೆಲ್‌ನಲ್ಲಿ ಕೆಲಕಾಲ ಗೆಸ್ಟ್ ಕೋಆರ್ಡಿನೇಟರ್ ಆಗಿದ್ದೆ. ಸಂಜೆಯ ಪ್ಯಾನಲ್‌ಗೆ ಜನರನ್ನು ಹೊಂದಿಸುವ ಕೆಲಸ.

ವಿಷಯ ಗೊತ್ತಾಗುವುದೇ ಮಧ್ಯಾಹ್ನ. ಸಂಜೆಯೊಳಗೆ ನಾಲ್ಕು ಜನ ಸ್ಟುಡಿಯೋದಲ್ಲಿ ಕೂತಿರಬೇಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕರೆದ ತಕ್ಷಣ ಯಾರು ಬರುತ್ತಾರೆ? ಹೋದ ವಾರ ಬಂದವರೇ. ಒಬ್ಬ ಸ್ವಾಮೀಜಿ ಅಥವಾ ಜ್ಯೋತಿಷಿ, ಒಬ್ಬ ವಿಚಾರವಾದಿ, ಎರಡು ಪಕ್ಷಗಳ ವಕ್ತಾರರು. 'ಇದು ಸ್ವಲ್ಪ ಗೋಜಲಿನ ವಿಷಯ, ಬಿಡಿಸಿ ಹೇಳಬೇಕು' ಅನ್ನುವವರಿಗೆ ಎರಡನೇ ಸಲ ಫೋನ್ ಹೋಗುವುದಿಲ್ಲ.

ಮಡೆಸ್ನಾನದ ವಿಷಯವನ್ನೇ ನೋಡಿ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿ ಹೊತ್ತಿಗೆ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುತ್ತಿದ್ದರು. ಟಿವಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ನಂಬಿಕೆಯೋ, ಮೌಢ್ಯವೋ? ಆದರೆ ಅಲ್ಲಿನ ತೇರು ಕಟ್ಟುವವರು ಮಲೆಕುಡಿಯರು, ಆದಿವಾಸಿಗಳು. 2011ರಲ್ಲಿ ಸರ್ಕಾರ ಮಡೆಸ್ನಾನ ನಿಲ್ಲಿಸಲು ಹೊರಟಾಗ ಬೇಡ ಅಂದವರಲ್ಲಿ ಅವರೇ ಮುಂದಿದ್ದರು. ಇತ್ತ ಹಿಂದುಳಿದ ವರ್ಗಗಳ ಮತ್ತು ದಲಿತ ಸಂಘಟನೆಗಳು ನಿಲ್ಲಿಸಿ ಎಂದು ಹೋರಾಡುತ್ತಿದ್ದವು. ಜಾತಿಯ ಏಣಿಯಲ್ಲಿ ಕೆಳಗೆ ನಿಲ್ಲಿಸಿದ ಸಮುದಾಯವೇ ಇದು ನಮ್ಮ ಹಕ್ಕು ಅಂದರೆ, ಆ ದೇವಸ್ಥಾನದಲ್ಲಿ ಅವರಿಗೆ ಬೇರೆ ಯಾವ ಹಕ್ಕು ಸಿಕ್ಕಿದೆ ಅಂತ ಕೇಳಬೇಕಿತ್ತು, ಅಲ್ವಾ? ನಾನು ನೋಡಿದ ಯಾವ ಪ್ಯಾನಲ್‌ನಲ್ಲೂ ಒಬ್ಬ ಮಲೆಕುಡಿಯರು ಕೂತಿರಲಿಲ್ಲ. ಅವರು ಘಾಟಿ ಹತ್ತಿ ಬರುವಷ್ಟರಲ್ಲಿ ಚರ್ಚೆ ಮುಗಿದು ಕ್ರೈಂ ಸ್ಟೋರಿ ಶುರುವಾಗಿರುತ್ತದೆ.

ಕೊನೆಗೆ ಮೌಢ್ಯ ನಿಷೇಧ ಕಾಯ್ದೆ 2017ರಲ್ಲಿ ಬಂತು, 2020ರ ಜನವರಿಯಲ್ಲಿ ಜಾರಿಯಾಯಿತು. ಎಂಜಲೆಲೆ ಮೇಲೆ ಉರುಳಿಸುವುದು ಅಪರಾಧವಾಯಿತು. ಜ್ಯೋತಿಷ್ಯ, ವಾಸ್ತು ಕಾಯ್ದೆಯಿಂದ ಹೊರಗೆ ಉಳಿದವು. ಬೆಳಗ್ಗೆ ದಿನಭವಿಷ್ಯ ಹಾಕಿ ಸಂಜೆ ಮೌಢ್ಯದ ಬಗ್ಗೆ ಗುಡುಗುವ ಚಾನೆಲ್‌ಗಳಿಗೆ ನೆಮ್ಮದಿ ಆಗಿರಬೇಕು ಬಿಡಿ.

ಎಲ್ಲದಕ್ಕೂ ಟಿಆರ್‌ಪಿ ಕಾರಣ ಅನ್ನುತ್ತಾರೆ. ನನಗೆ ಅದು ಅರ್ಧ ಸತ್ಯ. ರೇಟಿಂಗ್ ಹಗರಣ ಆದಮೇಲೆ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ, ಟಿವಿ ಯಾರು ಎಷ್ಟು ನೋಡುತ್ತಾರೆ ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ನ್ಯೂಸ್ ಚಾನೆಲ್‌ಗಳ ರೇಟಿಂಗ್ ಕೊಡಲೇ ಇಲ್ಲ. ಉಡುಪಿಯ ಹಿಜಾಬ್ ಗಲಾಟೆ, ಅದರ ಮೇಲೆ ದಿನಗಟ್ಟಲೆ ನಡೆದ ಚರ್ಚೆ, ಎಲ್ಲ ಬಹುಪಾಲು ಅದೇ ಅವಧಿಯಲ್ಲಿ. ವಾರದ ನಂಬರ್ ಇಲ್ಲದಿದ್ದರೂ ದನಿ ಇಳಿಯಲಿಲ್ಲ. ಅಸಲಿ ಕಾರಣ ಖರ್ಚು. ವರದಿಗಾರ, ಕ್ಯಾಮೆರಾಮನ್, ಕಾರು ಕಳಿಸಿ ಎರಡು ದಿನ ಊರೂರು ಸುತ್ತಿಸಿದರೆ ಹತ್ತು ನಿಮಿಷದ ಸ್ಟೋರಿ ಸಿಗುತ್ತದೆ. ನಾಲ್ಕು ಕುರ್ಚಿ ಹಾಕಿದರೆ ಒಂದು ಗಂಟೆ ತುಂಬುತ್ತದೆ. ಬಂದವರಲ್ಲಿ ಜಾಸ್ತಿ ಜನ ದುಡ್ಡೂ ಕೇಳುವುದಿಲ್ಲ.

ಪ್ರಯೋಜನ ಇಲ್ಲವೇ ಇಲ್ಲ ಅನ್ನಲಾರೆ. ಮಡೆಸ್ನಾನ ಅಂತ ಒಂದಿದೆ ಎಂದು ರಾಜ್ಯದ ಎಷ್ಟೋ ಜನಕ್ಕೆ ಗೊತ್ತಾಗಿದ್ದು ಟಿವಿಯಿಂದಲೇ. ಅಲ್ಲಿಂದ ಮುಂದೆ ತಿಳಿದುಕೊಳ್ಳಲು ಪತ್ರಿಕೆ ಓದಬೇಕು, ಅಷ್ಟೇ.

ತೀರಾ ಅತಿ ಆಯಿತು ಅನ್ನಿಸಿದರೆ ಸುಮ್ನೆ ಬೈಯುವ ಬದಲು ದೂರು ಕೊಡಿ. ಕೋವಿಡ್ ಶುರುವಿನಲ್ಲಿ ತಬ್ಲೀಗಿ ಜಮಾತ್ ಬಗ್ಗೆ ಪ್ರಸಾರ ಮಾಡಿದ ಕಾರ್ಯಕ್ರಮಗಳಿಗಾಗಿ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಬಿತ್ತು. ದಂಡ ಹಾಕಿದ್ದು ಚಾನೆಲ್‌ಗಳದೇ ಸ್ವಯಂ ನಿಯಂತ್ರಣ ಸಂಸ್ಥೆ, ದೂರು ಕೊಟ್ಟಿದ್ದು ನಾಗರಿಕರ ಒಂದು ಗುಂಪು. ಚಾನೆಲ್‌ಗಳಿಗೆ ಆ ಮೊತ್ತ ಏನೂ ಅಲ್ಲ, ನಿಜ. ಆದರೆ ಲೀಗಲ್ ಸೆಕ್ಷನ್‌ನಿಂದ ಡೆಸ್ಕ್‌ಗೆ ಕಾಗದ ಬಂದರೆ ಓದುತ್ತಾರೆ. ಪ್ರಸಾರವಾದ ವಾರದೊಳಗೆ ಮೊದಲು ಚಾನೆಲ್‌ಗೇ ಬರೆಯಿರಿ. ದಿನಾಂಕ, ಸಮಯ, ಆಡಿದ ಮಾತು ಸ್ಪಷ್ಟವಾಗಿರಲಿ. ವಿಡಿಯೊ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಯೂಟ್ಯೂಬ್‌ನಿಂದ ತೆಗೆದುಬಿಡುವುದೂ ಉಂಟು.