ವಾಲ್ಯೂಮ್ ಇಳಸ್ರಿ, ಮೊದಲ ಶ್ರುತಿ ಪೆಟ್ಟಿಗಿ ಹಚ್ಚ್ರಿ

ಜಮಖಂಡಿ ಅಣ್ಣಾರ, ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವ್ಯಾಗ ಕೂಡಸಿದ ಎಲೆಕ್ಟ್ರೋಡ್, ಹೊರಗ ತಲಿಗೆ ಅಂಟೂ ಪ್ರೊಸೆಸರ್) ಸ್ವಿಚ್ ಆನ್ ಆಗಿ ಎರಡು ತಿಂಗಳಿಗೆ ಜಾತ್ರಿ ಆರ್ಕೆಸ್ಟ್ರಾದ ಸ್ಪೀಕರ್ ಮುಂದ ಕುಂತು, ವಾಲ್ಯೂಮು, ಸೆನ್ಸಿಟಿವಿಟಿ (ಮೈಕ್ ಎಷ್ಟು ಸಣ್ಣ ದನಿ ಹಿಡೀಬೇಕು ಅನ್ನೂದು) ಎರಡೂ ತುದಿಗೆ ಏರಿಸಿ ಕೇಳಿದ್ರಿ. 'ತಗಡು ಬಡದಂಗಾತು, ಹಾಡು ಇನ್ನ ನನ್ನ ನಸೀಬದಾಗಿಲ್ಲ' ಅಂತ ಈ ಗುಂಪಿನಾಗ ಬರದ್ರಿ. ನಾನೂ ಇದ ತಪ್ಪು ಮಾಡಿದಾಂವ, ಅದಕ್ಕ ಬೈದು ಹೇಳಾಕತ್ತೀನಿ. ಮೊದಲ ಅದನ್ನ ಇಳಸ್ರಿ.

ಮ್ಯಾಪಿಂಗ್ (ನಿಮ್ಮ ಕಿವಿಗೆ ತಕ್ಕಂಗ ಆಡಿಯಾಲಜಿಸ್ಟ್ ಪ್ರೊಸೆಸರ್ ಸೆಟ್ ಮಾಡೂದು) ಮಾಡುವಾಗ ಒಂದೊಂದು ಎಲೆಕ್ಟ್ರೋಡಿಗೂ ಸಿ-ಲೆವಲ್ ಅಂತ, ತ್ರಾಸಿಲ್ಲದ ಕೇಳೂವಷ್ಟು ಜೋರಿಗೆ ಒಂದು ಮಾಳಿಗಿ ಹಾಕಿರತಾರ. ಡಿಜೆ ಮುಂದ ಕುಂತ್ರ ಸಣ್ಣ ದನಿ, ದೊಡ್ಡ ದನಿ ಎಲ್ಲಾ ಅದ ಮಾಳಿಗಿಗೆ ತಲಿ ಬಡಕೊಂಡು ಚಪ್ಪಟಿ ಆಗತಾವ. ಸೆನ್ಸಿಟಿವಿಟಿ ಏರಿಸಿದಷ್ಟೂ ಚಪ್ಪಟಿ ಜಾಸ್ತಿ. ಮ್ಯಾಲ ಎಜಿಸಿ (ದನಿಯ ಜೋರು ತಾನ ಹತೋಟಿ ಮಾಡೂ ಸೆಟ್ಟಿಂಗ್) ಬ್ಯಾರೆ ಐತಿ. ಜೋರ ದನಿ ಬಂದ ಕೂಡ್ಲೆ ಅದು ಎಲ್ಲಾನೂ ಒಮ್ಮೆ ಒತ್ತತೈತಿ. ಭಜನ್ಯಾಗ ತಾಳ ಛಣ್ ಅಂದಾಗೊಮ್ಮೆ ಹಾಡವರ ದನಿ ಹಿಂದ ಸರದಂಗ ಆಗೂದು ಇದರಿಂದನ. ಹಂಗಾಗಿ ತಾಳದವರ ಬಾಜೂಕ ಕೂಡಬ್ಯಾಡ್ರಿ, ಹಾಡವರ ಎದುರಿಗೆ ನಾಕೈದು ಮೊಳ ದೂರ ಕೂಡ್ರಿ.

ಈಗ ಶ್ರುತಿ ಪೆಟ್ಟಿಗಿ. ಫೋನಿನ ಆಪ್ ಆದ್ರೂ ನಡಿತೈತಿ. ಸಣ್ಣಗ ಹಚ್ಚಿ, ಅರ್ಧ ನಿಮಿಷ ಸುಮ್ಮನ ಕೂಡ್ರಿ. ಶುರುವಿಗೆ ಗುಂಯ್ ಅಂದಿದ್ದು ಐದ್ಹತ್ತು ಸೆಕೆಂಡಿನಾಗ ಕರಗಿ ಹೋತು ಅಂದ್ರ, ಕಿವಿ ಕೆಟ್ಟಿಲ್ಲ, ಎಲೆಕ್ಟ್ರೋಡ್ ಕೆಟ್ಟಿಲ್ಲ. ಪ್ರೊಸೆಸರಿನ ಗದ್ದಲ ಕಡಿಮಿ ಮಾಡೂ ಸೆಟ್ಟಿಂಗ್ ಆ ನಾದಾನ ಫ್ಯಾನಿನ ಸಪ್ಪಳ ಅಂತ ತಿಳದು ಕತ್ತರಿಸೇತಿ. ಏಳದ, ಬೀಳದ, ಒಂದ ಸಮ ಬರೂ ಸಪ್ಪಳ ಅಂದ್ರ ಅದಕ್ಕ ಗದ್ದಲ. ಮಾತಿಗೆ ಇದು ವರ, ತಂಬೂರಿಗೆ ಯಮ. ಆರ್ಕೆಸ್ಟ್ರಾ ಕೇಳಿದ್ರ ಈ ದೋಷ ಎಂದೂ ಗೊತ್ತಾಗೂದಿಲ್ಲ, ಅಲ್ಲಿ ಎಲ್ಲಾ ಕಲಸಿರತೈತಿ. ಮುಂದಿನ ಮ್ಯಾಪಿಂಗಿಗೆ ಹೋದಾಗ ಆಡಿಯಾಲಜಿಸ್ಟರಿಗೆ ಬಾಯಿ ಬಿಟ್ಟು ಕೇಳ್ರಿ: 'ಸಂಗೀತಕ್ಕ ಒಂದು ಬ್ಯಾರೆ ಪ್ರೋಗ್ರಾಮ್ ಹಾಕಿ ಕೊಡ್ರಿ, ಗದ್ದಲ ಕಡಿಮಿ ಮಾಡೂದು ಬಂದ್, ಮುಂದಿನ ದನಿ ಅಷ್ಟ ಹಿಡಿಯೂ ಮೈಕ್ ಬಂದ್, ತಾನ ಬದಲಾಗೂ ಸೆಟ್ಟಿಂಗ್ ಬಂದ್.' ಕೇಳದಿದ್ರ ಬಾಳ ಮಂದಿ ಹಾಕೂದಿಲ್ಲ, ಅವರ ಲಕ್ಷ್ಯ ಎಲ್ಲಾ ಮಾತಿನ ಮ್ಯಾಲ ಇರತೈತಿ. ಮತ್ತೊಬ್ಬರ ಪ್ರೊಸೆಸರ್ ಇಸಗೊಂಡು ತಲಿಗೆ ಅಂಟಿಸಿ ನೋಡೂ ಚಟ ಈ ಗುಂಪಿನಾಗ ಕೆಲವರಿಗೆ ಐತಿ. ಅದನ್ನ ಮಾಡಬ್ಯಾಡ್ರಿ, ಅವರ ಮ್ಯಾಪು ಅವರ ಕಿವಿಗಷ್ಟ.

ಪ್ರೋಗ್ರಾಮ್ ಆದ ಮ್ಯಾಲ ಹಾರ್ಮೋನಿಯಂ. ನಿಮ್ಮದು 22 ಎಲೆಕ್ಟ್ರೋಡಿನ ನ್ಯೂಕ್ಲಿಯಸ್ ಇಂಪ್ಲಾಂಟ್ ಅಂದ್ರಿ. ಅದರ ಸಾಧಾರಣ ಮ್ಯಾಪಿನಾಗ ಎಲ್ಲಕ್ಕಿಂತ ಕೆಳಗಿನ ಎಲೆಕ್ಟ್ರೋಡಿಗೆ 188ರಿಂದ 313 ಹರ್ಟ್ಸ್, ಎರಡನೇದಕ್ಕ 438ರ ತನಕ, ಮೂರನೇದಕ್ಕ 563ರ ತನಕ. ಕರಿ ಒಂದರ ಸಾ 277 ಹರ್ಟ್ಸ್, ಮ್ಯಾಲಿನ ಸಾ 554. ಲೆಕ್ಕ ಹಾಕ್ರಿ: ಸಾ ಮೊದಲನೇದರಾಗ, ರಿ ಗಡಿ ಮ್ಯಾಲ, ಗಾ ಮಾ ಪಾ ಮೂರೂ ಎರಡನೇದರಾಗ, ದಾ ನೀ ಸಾ ಮೂರನೇದರಾಗ. ಇಡೀ ಸಪ್ತಕ ಮೂರು ಕೋಣ್ಯಾಗ ಮುಗೀತು! ಗಾ–ಮಾ ಫರಕು ಗೊತ್ತಾಗವಲ್ದು ಅಂತ ಅಳೂದು ಯಾಕ? ಮೂಲ ನಾದ ಎರಡೂ ಒಂದ ಕೋಣ್ಯಾಗ ಬಿದ್ದಾವ. ಮ್ಯಾಲಿನ ಸಹನಾದಗಳು ಬ್ಯಾರೆ ಬ್ಯಾರೆ ಎಲೆಕ್ಟ್ರೋಡಿಗೆ ಹೋಗತಾವ. ಆ ಸುಳುವು ಹಿಡಿಯೂದನ್ನ ತಲಿ ಕಲೀಬೇಕು. (ನಿಮ್ಮಲ್ಲಿ ಒಂದೆರಡು ಎಲೆಕ್ಟ್ರೋಡ್ ಬಂದ್ ಮಾಡಿದ್ರ ಈ ಲೆಕ್ಕ ಬದಲಾಗತೈತಿ, ಕೇಳಿ ತಿಳಕೋರಿ.)

ಬಾರಿಸಾಕ ಮನ್ಯಾಗ ಯಾರನ್ನಾರ ಕುಂಡ್ರಸ್ರಿ, ನೀವು ಬೆನ್ನು ಮಾಡಿ ಕೂಡ್ರಿ. ಕಪ್ಲರ್ (ಒಂದು ಮನಿ ಒತ್ತಿದ್ರ ಇನ್ನೊಂದು ಸಪ್ತಕದ ಮನೀನೂ ನುಡಸೂದು) ಬಂದ್, ಸೂರಿನ ಗುಂಡಿ ಎಲ್ಲಾ ಒಳಗ, ಒಂದ ಸಾಲಿನ ರೀಡ್ ಅಷ್ಟ. ಭಾತಿ ಒಂದ ಸಮ ಒತ್ತಾಕ ಹೇಳ್ರಿ. ಮ್ಯಾಲಿನ ಮನಿ ಜೋರ ಒತ್ತಿದ್ರ ನಿಮ್ಮ ತಲಿ ಏರಿಳಿತ ಬಿಟ್ಟು ಜೋರು–ಮೆಲ್ಲಗ ಹಿಡಕೊಂಡು ಉತ್ತರ ಹೇಳತೈತಿ, ಕಲಿತಂಗ ಅನಸತೈತಿ, ಕಲಿತಿರೂದಿಲ್ಲ. ಮೊದಲ ಸಾ ಮತ್ತು ಮ್ಯಾಲಿನ ಸಾ, ಯಾವುದು ಮ್ಯಾಲ ಅಂತ ಹೇಳೂದು. ಹತ್ತರಾಗ ಒಂಬತ್ತು ಸರಿ ಬರೂತನಕ ಮುಂದ ಹೋಗಬ್ಯಾಡ್ರಿ. ಆಮ್ಯಾಲ ಸಾ–ಪಾ, ಸಾ–ಮಾ, ಸಾ–ಗಾ. ಮುಂಜಾನೆ ಹತ್ತು ನಿಮಿಷ, ಸಂಜಿಗೆ ಹತ್ತು. ದಣದ ಕಿವಿಗೆ ಎಲ್ಲಾ ಒಂದ ಸ್ವರ, ಅದಕ್ಕ ತಾಸುಗಟ್ಟಲೆ ಕೂತ್ರ ಉಪಯೋಗಿಲ್ಲ. ಸಾ–ರಿ ಕಡೀತನಕ ಬರದಿದ್ರೂ ಹಾಡಿನ ರುಚಿ ಹತ್ತತೈತಿ, ಅದಕ್ಕ ಗಂಟು ಬೀಳಬ್ಯಾಡ್ರಿ.

ಹಾಡು ಯಾವುದು? ಕಿವಿ ಹೋಗೂ ಮೊದಲ ನಿಮಗ ಬಾಯಿಪಾಠ ಇದ್ದದ್ದು. ಹೊಸಾದು ಬ್ಯಾಡ. ಒಬ್ಬರ ದನಿ, ಒಂದು ಏಕತಾರಿ, ಮ್ಯಾಲ ದಿಮ್ಮಡಿ ಅಷ್ಟ ಇರೂ ತತ್ವಪದ ಶುರುವಿಗೆ ಭಾರಿ ಚಲೋ. ಪದ ಬರಕೊಂಡು ಕೈಯಾಗ ಹಿಡೀರಿ, ಅದ ಒಂದನ್ನ ವಾರ ಪೂರಾ ಕೇಳ್ರಿ. ಬೀಸೂಕಲ್ಲಿನ ಪದಾನೂ ನಡಿತೈತಿ, ವಾದ್ಯದ ತಂಟಿನ ಇಲ್ಲ. ಲಯಕ್ಕ ಇಂಪ್ಲಾಂಟಿನಾಗ ಕೊರತಿ ಬಾಳ ಕಡಿಮಿ. ಹಲಗಿ, ಕರಡಿ ಮಜಲು, ತಬಲಾದ 'ನಾ' 'ತಿನ್' ಮೊದಲ ತಿಂಗಳದಾಗನ ಖುಷಿ ಕೊಡತಾವ. ಡಗ್ಗಾದ ಗುಂ ಮಾತ್ರ ಬಡತನದಾಗ ಬರತೈತಿ, ಅದರ ಮೂಲ ನಾದ ಮ್ಯಾಪಿನ ಕೆಳಗ ಉಳೀತೈತಿ. ಕೋರಸ್, ಸಿಂಥಸೈಜರ್, ನಾಕು ಪಿಟೀಲು ಕೂಡಿದ ಸಿನಿಮಾ ಹಾಡು ಒಂದು ವರ್ಷ ದೂರ ಇಡ್ರಿ.

ಇನ್ನೊಂದು ಕಿವ್ಯಾಗ ಕೇಳೂ ಶಕ್ತಿ ಚೂರು ಉಳದೈತಿ ಅಂದ್ರಲ್ಲ, ಹಿಯರಿಂಗ್ ಏಡ್ ತಗದಿಟ್ಟದ್ದು ಯಾಕ? ಕೆಳಗಿನ ನಾದ, ದನಿಯ ಏರಿಳಿತ ಆ ಕಿವಿ ಕೊಡತೈತಿ, ಇಂಪ್ಲಾಂಟ್ ಅಕ್ಷರ ಮತ್ತು ಲಯ ಕೊಡತೈತಿ. ಅಭ್ಯಾಸಕ್ಕ ಇಂಪ್ಲಾಂಟ್ ಒಂದ, ಸುಖಕ್ಕ ಎರಡೂ. ಎರಡರ ಜೋರು ಸಮ ಆಗಿ ಕೇಳೂ ಹಂಗ ಒಂದ ದಿನ ಕೂಡಿಸಿ ಸೆಟ್ ಮಾಡಸ್ರಿ.

ಫೋನಿನ ಸಣ್ಣ ಸ್ಪೀಕರಿನಾಗ ಕೇಳಿ ತೀರ್ಪು ಕೊಡಬ್ಯಾಡ್ರಿ, ಅದರಾಗ ಕೆಳಗಿನ ನಾದ ಹೊರಗ ಬರೂದ ಇಲ್ಲ. ಬ್ಲೂಟೂತ್ ನೇರ ಪ್ರೊಸೆಸರಿಗೆ ಹಚ್ಚಿ, ಮಿಕ್ಸಿಂಗಿನಾಗ ಹೊರಗಿನ ಮೈಕ್ ಇಳಸ್ರಿ. ಸ್ಪೀಕರ್ ಹಚ್ಚಿ ಕೇಳೂದಾದ್ರ ಬರೇ ಫರಸಿ ಹಾಕಿದ ಖಾಲಿ ಕೋಣಿ ಬ್ಯಾಡ, ದನಿ ಗೋಡಿಗೆ ಬಡದು ವಾಪಸ್ ಬಂದು ಕಲಸತೈತಿ. ಗೋಡಿಗೆ ಎರಡು ದಪ್ಪ ಕೌದಿ ಹಾಕ್ರಿ, ಸಾಕು.

ಕಂಪನಿ ಜಗಳ ಬ್ಯಾಡ. ಮೆಡ್-ಎಲ್ 12, ಅಡ್ವಾನ್ಸ್ಡ್ ಬಯೋನಿಕ್ಸ್ 16, ನ್ಯೂಕ್ಲಿಯಸ್ 22. ಎಲೆಕ್ಟ್ರೋಡ್ ಎಣಿಸಿ ಹಾಡು ಅಳಿಯೂದು ಹುಚ್ಚತನ. ಕೆಳಗಿನ ನಾದದ ಮಟ್ಟಿಗೆ ಮೆಡ್-ಎಲ್ ಫೈನ್ ಹಿಯರಿಂಗಿನ (ಕೆಳಗಿನ ನಾದದ ಅಲೆಯ ವೇಗಾನೂ ಕಳಸೂ ಪದ್ಧತಿ) ವಿಚಾರ ನನಗ ಸರಿ ಅನಸತೈತಿ, ಆದ್ರ ತಲಿ ಒಳಗ ಕೂತದ್ದನ್ನ ಜಾತಿ ಬದಲಿ ಮಾಡಾಕ ಬರೂದಿಲ್ಲ. ಬ್ಯಾಟರಿ ವಿಷಯದಾಗ ಮಾತ್ರ ಜಿಪುಣತನ ಬಿಡ್ರಿ: ಒಗೆಯೂ ಸೆಲ್ ಹಾಕೂದಾದ್ರ ಪೊಟ್ಟಣದ ಮ್ಯಾಲ 'ಇಂಪ್ಲಾಂಟಿಗೆ' ಅಂತ ಬರದ 675 ನಂಬರಿನದು ತಗೋರಿ, ಹಿಯರಿಂಗ್ ಏಡಿನ ಸಾದಾ 675 ಲೋಡ್ ತಡಿಯೂದಿಲ್ಲ, ಹಾಡಿನ ನಡಕ ಕಟ್ ಕಟ್ ಆಗತೈತಿ. ಸ್ಟಿಕರ್ ಕಿತ್ತಿ ಒಂದು ನಿಮಿಷ ಗಾಳಿಗಿಟ್ಟು ಹಾಕ್ರಿ. ಮೈಕ್ ಕವರ್ ಮೂರು ತಿಂಗಳಿಗೊಮ್ಮೆ ಬದಲಿ ಮಾಡ್ರಿ, ವಿಜಯಪುರ ಕಡೆ ಜ್ವಾಳದ ರಾಶಿ ದಿನದಾಗ ಇನ್ನೂ ಲಗೂನ. ಧೂಳ ಕೂತ್ರ ದನಿ ಕಂಬಳಿ ಒಳಗಿಂದ ಬಂದಂಗ ಆಗತೈತಿ, ಮಂದಿ ಮ್ಯಾಪಿಗೆ ಬೈತಾರ. ಬೆಳಗಾವಿ ಮಳಿಗಾಲದಾಗ ರಾತ್ರಿ ಡ್ರೈ ಬಾಕ್ಸ್ ತಪ್ಪಸಬ್ಯಾಡ್ರಿ. ಸಿಲಿಕಾ ಜೆಲ್ ಬಣ್ಣ ಬದಲಾದ್ರ ಅದು ನೀರು ಕುಡದೈತಿ ಅಂತ ಅರ್ಥ.

ಕೆಳಗ ಕಾಮೆಂಟಿನಾಗ ಮಗಳ ಬಗ್ಗೆ ಕೇಳಿದ ಮುಧೋಳದ ಅಕ್ಕಾರ, ಹುಟ್ಟಾ ಕಿವಿ ಕೇಳದ ಮಕ್ಕಳ ಲೆಕ್ಕ ಬ್ಯಾರೆ. ಅವರಿಗೆ ಹಳೇ ಹಾಡಿನ ನೆನಪಿಲ್ಲ, ಹೋಲಿಸಿ ಬ್ಯಾಸರ ಮಾಡಕೊಳ್ಳೂದೂ ಇಲ್ಲ. ಚಪ್ಪಾಳಿ, ಹಲಗಿ, ಕುಣಿತದಿಂದ ಶುರು ಮಾಡ್ರಿ, ಸ್ವರದ ಪರೀಕ್ಷಾ ಬ್ಯಾಡ.

ಮ್ಯಾಗ್ನೆಟ್ ಕೆಳಗ ಚರ್ಮ ಕೆಂಪಾದ್ರ, ನೋವು ಬಂದ್ರ, ನಿನ್ನೆ ಚಲೋ ಕೇಳತಿದ್ದ ದನಿ ಇವತ್ತ ಒಮ್ಮಿಂದೊಮ್ಮೆ ಬದಲಾದ್ರ ಅಭ್ಯಾಸ ಮಾಡಕೋತ ಕೂಡಬ್ಯಾಡ್ರಿ, ನೇರ ಆಡಿಯಾಲಜಿಸ್ಟ್ ಕಡೆ ಹೋಗ್ರಿ. ಜಮಖಂಡಿ ಅಣ್ಣಾರ, ಪ್ರೊಸೆಸರಿನಾಗ ನಾಕು ಪ್ರೋಗ್ರಾಮಿನ ಜಾಗ ಇರತಾವ. ಯಾವುದ್ಯಾವುದು ತುಂಬ್ಯಾವ ನೋಡಿ ಇಲ್ಲಿ ಬರೀರಿ. ಶ್ರುತಿ ಎಷ್ಟು ಸೆಕೆಂಡಿಗೆ ಕರಗಿತು ಅನ್ನೂದನ್ನೂ ಬರೀರಿ.