ಹಸಿ ಕಾಯಿಯ ಲೆಕ್ಕ ಬೇರೆ, ಪ್ಯಾಕೆಟ್ ಲೆಕ್ಕ ಬೇರೆ

ಕಳೆದ ಸಂಚಿಕೆಯ ಚೆಸ್ಟ್‌ನಟ್ (ತಂಪು ನಾಡಿನ ಒಂದು ಮರದ ಗಟ್ಟಿ ಸಿಪ್ಪೆಯ ಕಾಯಿ) ಬರಹ ಓದಿ ಮಲ್ಲೇಶ್ವರದ ಓದುಗರೊಬ್ಬರು ಪತ್ರ ಬರೆದಿದ್ದಾರೆ: "ವಿಟಮಿನ್ ಸಿ ಜಾಸ್ತಿ ಇದೆ ಅಂತ ಬರೆದಿದ್ರಿ. ಮಕ್ಕಳಿಗೆ ಅಂತ ಸುಲಿದು ಬೇಯಿಸಿದ ಪ್ಯಾಕೆಟ್ ತಂದೆ. ಅದರ ಮೇಲೆ ವಿಟಮಿನ್ ಸಿ ಹೆಸರೇ ಇಲ್ಲ. ಕಾರ್ಖಾನೆಯಲ್ಲಿ ಎಲ್ಲಾ ಹೋಗಿಬಿಡುತ್ತಾ?"

ಮೇಡಂ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ನಾವು ಕೊಟ್ಟಿದ್ದು ಹಸಿ ಕಾಯಿಯ ಅಂಕಿ. 100 ಗ್ರಾಂಗೆ ಸುಮಾರು 40 ಮಿಲಿಗ್ರಾಂ. ಹುರಿದರೂ ಬೇಯಿಸಿದರೂ ಅದು 26ರ ಆಸುಪಾಸಿಗೆ ಇಳಿಯುತ್ತದೆ. ಚೆಸ್ಟ್‌ನಟ್ಟನ್ನು ಹಸಿಯಾಗಿ ತಿನ್ನುವವರು ಕಡಿಮೆ. ಹಾಗಾಗಿ ಎರಡನೇ ಅಂಕಿಯನ್ನೇ ಮುಂದಿಡಬೇಕಿತ್ತು.

ಕಾರ್ಖಾನೆಯಲ್ಲಿ ಕಾಯಿ ಒಂದಲ್ಲ, ಹಲವು ಸಲ ಬಿಸಿ ಕಾಣುತ್ತದೆ. ಒಳಗಿನ ಹುಳು ಸಾಯಲೆಂದು ಎಷ್ಟೋ ಕಡೆ ಮೊದಲು ಸುಮಾರು 50 ಡಿಗ್ರಿ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ಇಡುತ್ತಾರೆ. ಆಮೇಲೆ ಬೆಂಕಿಗೋ ಹಬೆಗೋ ಒಡ್ಡಿ ಸಿಪ್ಪೆ ಬಿಡಿಸುತ್ತಾರೆ. ಹಲಸಿನ ಬೀಜಕ್ಕಿರುವ ಹಾಗೆ ಇದಕ್ಕೂ ಒಳಗೊಂದು ತೆಳು ಪೊರೆ ಇದೆ, ತುಂಬಾ ಒಗರು. ಅದೂ ಹೋಗಬೇಕು. ಕೊನೆಗೆ ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ ಹಾಕಿ, ತಿಂಗಳುಗಟ್ಟಲೆ ಕೆಡದಿರಲೆಂದು ಮತ್ತೆ ಚೆನ್ನಾಗಿ ಕಾಯಿಸುತ್ತಾರೆ. ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ, ನೀರಿಗೂ ಬಿಟ್ಟುಕೊಳ್ಳುತ್ತದೆ. ಫೋಲೇಟ್ ಅನ್ನುವ ಬಿ ವಿಟಮಿನ್ ಪಾಡೂ ಅದೇ. ಬಸವನಗುಡಿ ಪರಿಷೆಯಲ್ಲಿ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಬೇಯಿಸುತ್ತಾರಲ್ವಾ, ಹಾಗೆ ಸಿಪ್ಪೆ ಇದ್ದರೆ ನೀರಿಗೆ ಹೋಗುವುದು ಕಡಿಮೆ. ಸುಲಿದು ಬೇಯಿಸಿದ್ದಕ್ಕೆ ಆ ಕಾವಲಿಲ್ಲ.

ಆದರೆ ಲೇಬಲ್ ಮೇಲೆ ಹೆಸರಿಲ್ಲ ಅಂದ ಮಾತ್ರಕ್ಕೆ ಒಂದಿಷ್ಟೂ ಉಳಿದಿಲ್ಲ ಅಂತಲ್ಲ. ನಮ್ಮಲ್ಲಿ ಪ್ರೊಟೀನ್, ಸಕ್ಕರೆ, ಕೊಬ್ಬು, ಸೋಡಿಯಂ ಇಂಥವನ್ನು ಹಾಕಲೇಬೇಕು, ವಿಟಮಿನ್ ಕಡ್ಡಾಯವಲ್ಲ. ಇನ್ನು ಚೆಸ್ಟ್‌ನಟ್‌ನ ಮುಖ್ಯ ಸರಕೇ ಪಿಷ್ಟ ಮತ್ತು ನಾರು. ಅವು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಕೊಬ್ಬು 100 ಗ್ರಾಂಗೆ ಬರೀ 2 ಗ್ರಾಂ ಅಷ್ಟೆ. ಗೋಡಂಬಿ, ಬಾದಾಮಿ ಸಾಲಿಗೆ ಇದನ್ನು ಸೇರಿಸುವುದಕ್ಕಿಂತ ಹಲಸಿನ ಬೀಜದ ಪಕ್ಕ ಇಡುವುದು ಸರಿ.

ನನಗೆ ನಿಜವಾಗಿ ಚಿಂತೆ ಸಕ್ಕರೆಯದು. ಯುರೋಪಿನಲ್ಲಿ ಚೆಸ್ಟ್‌ನಟ್ಟನ್ನು ದಿನಗಟ್ಟಲೆ ಪಾಕದಲ್ಲಿ ನೆನೆಸಿ ಮಾರುತ್ತಾರೆ, ನಮ್ಮ ಮುರಬ್ಬದ ಹಾಗೆ. ಡಬ್ಬಿಯಲ್ಲಿ ಬರುವ ಸಿಹಿ ಪೇಸ್ಟ್ ಕೂಡ ಅದೇ ಜಾತಿ. ಮಕ್ಕಳಿಗೆ ಕೊಡುವ ಮೊದಲು ಲೇಬಲ್‌ನಲ್ಲಿ "ಸೇರಿಸಿದ ಸಕ್ಕರೆ" ಸಾಲು ದಯವಿಟ್ಟು ಓದಿ. ನೀವು ತಂದ ಪ್ಯಾಕೆಟ್‌ನಲ್ಲಿ ಚೆಸ್ಟ್‌ನಟ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಧೈರ್ಯವಾಗಿ ಕೊಡಿ.

ಹಿಟ್ಟು ಕೊಳ್ಳುವಾಗಲೂ ಹುಷಾರು. ಬೆಂಗಳೂರಿನ ಅಂಗಡಿಗಳಲ್ಲಿ ಉಪವಾಸಕ್ಕೆ ಅಂತ ಸಿಗುವ ಸಿಂಘಾಡ ಹಿಟ್ಟಿಗೆ "ವಾಟರ್ ಚೆಸ್ಟ್‌ನಟ್" ಅಂತ ಬರೆದಿರುತ್ತದೆ. ಅದು ಕೆರೆಯಲ್ಲಿ ಬೆಳೆಯುವ ಗಿಡದ ಕಾಯಿ. ಚೆಸ್ಟ್‌ನಟ್ ಮರಕ್ಕೂ ಅದಕ್ಕೂ ನಂಟಿಲ್ಲ.

ವಿಟಮಿನ್ ಸಿ ಬೇಕು ಅಂತಲೇ ಆದರೆ ಮಕ್ಕಳಿಗೆ ಒಂದು ಸೀಬೆಹಣ್ಣು ಕೊಡಿ ಮೇಡಂ. 100 ಗ್ರಾಂಗೆ 200 ಮಿಲಿಗ್ರಾಂ ದಾಟುತ್ತದೆ, ಬೇಯಿಸುವ ಗೋಜೂ ಇಲ್ಲ.

– ಸಂಪಾದಕರು