ಡಬ್ಬಿಂಗ್ ಇಲ್ಲದ ಊರಿನಲ್ಲಿ

ಸಿನಿಮಾದಲ್ಲಿ ನಟಿಸಲು ಲಂಡನ್‌ಗೆ ಹೋದ ನಿನ್ನ ಸಂದೇಶ ಓದಿದೆ. "ಅಕ್ಕಾ, ಒಂದು ತಿಂಗಳಿಂದ ಪೇಮೆಂಟ್ ಬಂದಿಲ್ಲ. ನಿರ್ದೇಶಕರನ್ನೇ ಬದಲಾಯಿಸಿದ್ದಾರೆ. ಹೊಸಬರು ಸ್ಕ್ರಿಪ್ಟಿನಲ್ಲಿ ಇಲ್ಲದ ಸೀನ್ ಮಾಡು ಅಂತಾರೆ. ವೀಸಾ ಅವರ ಕೈಯಲ್ಲಿದೆ. ಎಲ್ಲ ಬಿಟ್ಟು ಬೆಂಗಳೂರಿಗೆ ಬಂದುಬಿಡಲಾ? ನೀವು ಮೊದಲು ಲಂಡನ್‌ಗೆ ಹೋದಾಗ ಊಟ, ಮನೆ, ಚಳಿ ಎಲ್ಲ ಹೇಗೆ ಸಂಭಾಳಿಸಿದಿರಿ?" ಅಂತ ಕೇಳಿದ್ದೀಯ.

ಊಟದ ಚಿಂತೆ ಬಿಡು. ಈಸ್ಟ್ ಹ್ಯಾಮ್‌ಗೆ, ಇಲ್ಲ ಟೂಟಿಂಗ್‌ಗೆ ಹೋದರೆ ಕರಿಬೇವು, ರವೆ, ಹುಣಸೆಹಣ್ಣು ಎಲ್ಲ ಸಿಗುತ್ತದೆ. ಚಳಿಗೆ ಒಳಗೆ ಥರ್ಮಲ್ ಹಾಕಿಕೋ, ಸ್ವೆಟರ್ ಮೇಲೆ ಸ್ವೆಟರ್ ಏರಿಸಬೇಡ. ಮನೆ ಅಡ್ವಾನ್ಸನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಬೇಕು. ಅದರ ವಿವರ ಕೇಳಿ ಪಡೆ. ಇಷ್ಟು ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಪೇಮೆಂಟ್ ವಿಷಯಕ್ಕೆ ಬರೋಣ. ಗಾಂಧಿನಗರದ ಲೆಕ್ಕ ನಿನಗೆ ಗೊತ್ತಿದೆ. ಕೈಗೆ ಅಡ್ವಾನ್ಸ್ ಬರುತ್ತದೆ, ಮಿಕ್ಕಿದ್ದು ಮಾತಿನ ಮೇಲೆ ನಡೆಯುತ್ತದೆ. ಕೊನೆಗೂ ಬಾಕಿ ಬರದಿದ್ದರೆ, ಶೂಟಿಂಗ್ ಆದಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸುವ ಡಬ್ಬಿಂಗ್‌ಗೆ ಹೋಗುವುದಿಲ್ಲ ಅಂತ ಕೂರಬಹುದು. ನಮ್ಮ ಧ್ವನಿ ಇಲ್ಲದೆ ಅವರ ಸಿನಿಮಾ ಸುಲಭಕ್ಕೆ ಮುಗಿಯುವುದಿಲ್ಲ. ಅದೂ ಆಗದಿದ್ದರೆ ಫಿಲಂ ಚೇಂಬರ್‌ನಲ್ಲಿ ಯಾರಾದರೂ ಹಿರಿಯರು ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಹಾಗಿಲ್ಲ. ಮಾತನ್ನು ಸೆಟ್ಟಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಸಂಜೆ ಪ್ಯಾಕಪ್ ಆಗುವಷ್ಟರಲ್ಲಿ ನಿನ್ನ ಮುಖವೂ ಧ್ವನಿಯೂ ಅವರ ಪಾಲಾಗಿರುತ್ತದೆ. ಹಿಡಿದಿಟ್ಟುಕೊಳ್ಳಲು ನಿನ್ನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕೂರಿಸಿ ಮಾತಾಡಿಸುವ ಹಿರಿಯರೂ ಇಲ್ಲ. ಇರುವುದು ಕಾಗದ ಮತ್ತು ಸಂಘ, ಎರಡೇ.

ಹಾಗಾಗಿ ಇವತ್ತು ರಾತ್ರಿಯೇ ಕೂತು, ದಿನಾ ಬರುವ ಕಾಲ್‌ಶೀಟ್‌ಗಳನ್ನೆಲ್ಲ ನಿನ್ನ ಸ್ವಂತ ಇಮೇಲ್‌ಗೆ ಕಳಿಸಿಕೋ. ಯಾವ ದಿನ ಎಷ್ಟು ಗಂಟೆಗೆ ನಿನ್ನನ್ನು ಕರೆದಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಅಲ್ಲಿನ ಕಂಪನಿಗಳ ನೋಂದಣಿ ಕಚೇರಿ ಕಂಪನೀಸ್ ಹೌಸ್ ವೆಬ್‌ಸೈಟ್‌ನಲ್ಲಿ ನಿನ್ನ ಕಂಪನಿಯ ಹೆಸರು ಹುಡುಕು, ದುಡ್ಡು ಕೊಡಬೇಕಿಲ್ಲ. ಅಲ್ಲಿ ಬಹಳಷ್ಟು ಸಲ ಒಂದೊಂದು ಸಿನಿಮಾಕ್ಕೂ ಒಂದೊಂದು ಬೇರೆ ಕಂಪನಿ ತೆರೆಯುತ್ತಾರೆ. ಅದು ಮುಳುಗಿದರೆ ಹಿಂದಿರುವ ದೊಡ್ಡ ಕಂಪನಿಗೆ ನೀರು ಸೋಕುವುದಿಲ್ಲ. ಕಂಪನಿಯ ನಿರ್ದೇಶಕರು ಯಾರು, ಲೆಕ್ಕಪತ್ರ ಸಲ್ಲಿಸಿದ್ದಾರಾ, ಸಿನಿಮಾದ ಮೇಲೆ ಸಾಲ ಕೊಟ್ಟವರು ಯಾರು, ಎಲ್ಲ ಅಲ್ಲೇ ಕಾಣುತ್ತದೆ. ನಾಳೆ ಬೆಳಿಗ್ಗೆ ಈಕ್ವಿಟಿಗೆ ಫೋನ್ ಮಾಡು. ನಟನಟಿಯರ ಸಂಘ ಅದು, 1930ರಿಂದ ಇದೆ. ಪರದೇಶದವಳು ಅಂತ ಹಿಂಜರಿಯಬೇಡ. ಅಲ್ಲಿ ದುಡಿಯುವ ಕಲಾವಿದೆ ನೀನು, ಸದಸ್ಯಳಾಗಬಹುದು.

ಹೇಳದೆ ಕೇಳದೆ ವಿಮಾನ ಹತ್ತಬೇಡ. ಹಾಗೆ ಬಂದರೆ ಕರಾರು ಮುರಿದವಳು ನೀನು ಅಂತಾಗುತ್ತದೆ. ಬಾಕಿ ಇಷ್ಟಿದೆ, ಇಂಥ ದಿನದೊಳಗೆ ಕೊಡಿ, ಇಲ್ಲದಿದ್ದರೆ ಕೆಲಸ ನಿಲ್ಲಿಸುತ್ತೇನೆ ಅಂತ ಬರೆಯಬೇಕು. ಕಳಿಸುವ ಮುಂಚೆ ಸಂಘದವರಿಗೆ ತೋರಿಸು. ನಿನ್ನ ವೀಸಾಕ್ಕೆ ಹೊಣೆ ನಿಂತ ಕಂಪನಿ ಕೈಬಿಟ್ಟರೂ ಮಾರನೇ ದಿನವೇ ಯಾರೂ ನಿನ್ನನ್ನು ಓಡಿಸುವುದಿಲ್ಲ. ಸಾಮಾನ್ಯವಾಗಿ 60 ದಿನದ ಗಡುವು ಕೊಡುತ್ತಾರೆ. ಪಾಸ್‌ಪೋರ್ಟ್ ಮಾತ್ರ ಯಾರು ಕೇಳಿದರೂ ಕೊಡಬೇಡ. ನೋಡಬೇಕು ಅಂದರೆ ಎದುರಿಗೇ ನೋಡಿ ವಾಪಸ್ ಕೊಡಲಿ.

ಈಗ ನೀನು ಕೇಳದ ವಿಷಯ ಒಂದು ಹೇಳಬೇಕು.

ನನ್ನ ಮೊದಲ ಸಿನಿಮಾ ಯಾರ್ಕ್‌ಶೈರ್‌ನ ಹಳೇ ಬಟ್ಟೆ ಗಿರಣಿಯೊಂದರಲ್ಲಿ ನಡೆಯುತ್ತಿತ್ತು. ಸಂಸ ಬಯಲು ರಂಗಮಂದಿರದಲ್ಲಿ ನಾಟಕ ಮಾಡಿಕೊಂಡಿದ್ದವಳು ನಾನು, ಕ್ಯಾಮೆರಾ ಮುಂದೆ ನಿಂತು ಅಭ್ಯಾಸವಿರಲಿಲ್ಲ. ಕೊನೆಯ ವಾರ ಒಂದು ದೃಶ್ಯ ಮಾಡಿದೆವು. ಗಂಡ ಸತ್ತ ಸುದ್ದಿ ಬಂದಿದೆ, ಆಕೆ ಸಿಂಕಿನ ಮುಂದೆ ನಿಂತು ಅಕ್ಕಿ ತೊಳೆಯುತ್ತಾಳೆ. ಒಂದೇ ಉದ್ದನೆಯ ಶಾಟ್, ಮಾತಿಲ್ಲ. ನೀರು ತಿಳಿಯಾಗುವವರೆಗೂ ತೊಳೆಯಬೇಕು, ಅಷ್ಟೇ. ಕಟ್ ಅಂದಮೇಲೂ ಯಾರೂ ಅಲ್ಲಾಡಲಿಲ್ಲ. ಆಮೇಲೆ ಎಷ್ಟೋ ಪಾತ್ರ ಮಾಡಿದ್ದೇನೆ. ಅಷ್ಟು ಒಳ್ಳೆಯ ಕೆಲಸ ಮತ್ತೆ ನನ್ನಿಂದ ಆಗಿಲ್ಲ.

ಮಾರನೇ ದಿನ ಮಧ್ಯಾಹ್ನ ಲೈಟ್ ಬಾಡಿಗೆಗೆ ಕೊಟ್ಟ ಕಂಪನಿಯವರು ಲಾರಿ ತಂದರು. ಹಣ ಬಂದಿಲ್ಲವಂತೆ. ಜಗಳವಿಲ್ಲ, ಕೂಗಾಟವಿಲ್ಲ. ಒಂದೊಂದೇ ಲೈಟ್ ಇಳಿಸಿ, ಕೇಬಲ್ ಸುತ್ತತೊಡಗಿದರು. ಒಂದು ಕೇಬಲ್ ನನ್ನ ಕಾಲಡಿಯಲ್ಲೇ ಹಾದುಹೋಗಿತ್ತು. ಆ ಹುಡುಗ "ಸಾರಿ ಲವ್" ಅಂದು (ಅಲ್ಲಿ ಅದು ನಮ್ಮ 'ಅಮ್ಮಾ' ಅಂದ ಹಾಗೆ), ನಾನು ಕಾಲೆತ್ತುವವರೆಗೆ ಕಾದು, ಎಳೆದುಕೊಂಡ. ಸಂಜೆಯೊಳಗೆ ಗಿರಣಿ ಕತ್ತಲಾಯಿತು. ಅಲ್ಲಿನವರು ತಮ್ಮ ತಮ್ಮ ಕಾರು ಹತ್ತಿ ಮನೆಗೆ ಹೋದರು. ನಾನು ಕಾಟನ್ ಸೀರೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ. ಮೇಕಪ್ ಮಾಡುತ್ತಿದ್ದ ಹೆಂಗಸು ತನ್ನ ಕೋಟು ಹೊದಿಸಿ, ತನ್ನ ಮನೆಗೇ ಕರೆದುಕೊಂಡು ಹೋದಳು. ಇವತ್ತಿಗೂ ಆಕೆ ನನಗೆ ಅಕ್ಕನ ಸಮಾನ.

ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆಯಲೇ ಇಲ್ಲ. ಫಿಲಂ ಸಂಸ್ಕರಿಸುವ ಲ್ಯಾಬಿನ ಬಿಲ್ ಕಟ್ಟದ ಕಾರಣ ನೆಗೆಟಿವ್ ಲ್ಯಾಬಿನವರಲ್ಲೇ ಉಳಿಯಿತು. ಹಕ್ಕು ಸಾಲ ಕೊಟ್ಟವರ ಪಾಲಾಯಿತು. ಮುಂದೆ ಆ ಲ್ಯಾಬ್ ಕೂಡ ಮುಚ್ಚಿತು. ಬಾಕಿ ಸಂಬಳದಲ್ಲಿ ಅಷ್ಟಿಷ್ಟು ಸಂಘದಿಂದ ಬಂತು, ಅದರ ಬಗ್ಗೆ ದುಃಖವಿಲ್ಲ. ಆದರೆ ಆ ಅಕ್ಕಿ ತೊಳೆಯುವ ಶಾಟ್ ಇದೆಯಲ್ಲ, ಅದು ಯಾವುದೋ ಗೋದಾಮಿನ ಡಬ್ಬದಲ್ಲಿದೆ. ನಾನೇ ನೋಡಿಲ್ಲ. ಹನುಮಂತನಗರದಲ್ಲಿ ಅಪ್ಪ ಶುಕ್ರವಾರ ಬಂದರೆ ಸಾಕು, ಪೇಪರಿನ ಸಿನಿಮಾ ಪುಟ ತೆಗೆಯುತ್ತಿದ್ದರು. ಇಂಗ್ಲಿಷ್ ಸಿನಿಮಾ ಅಲ್ವಾ, ಎಂ.ಜಿ. ರೋಡ್ ಕಡೆ ಹಾಕ್ತಾರೆ ಅಂತ ಲೆಕ್ಕ ಹಾಕುತ್ತಿದ್ದರು. ಅವರು ಹೋಗಿಬಿಟ್ಟರು. ಸಿನಿಮಾ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಬಾಕಿ ಹಣದ ಪತ್ರದ ಜೊತೆಗೇ ಇನ್ನೊಂದು ಸಾಲು ಬರೆಸಿಕೋ. ನೀನು ಮಾಡಿದ ದೃಶ್ಯಗಳ ತುಣುಕನ್ನು, ಮುಂದಿನ ಅವಕಾಶ ಕೇಳುವಾಗ ತೋರಿಸುವ ನಿನ್ನ ಶೋರೀಲ್‌ಗೆ ಕೊಡಬೇಕು, ಚಿತ್ರ ಬಿಡುಗಡೆ ಆಗದಿದ್ದರೂ ಕೊಡಬೇಕು ಅಂತ. ಈಗ ರೀಲು ಗೀಲು ಇಲ್ಲ, ಅದೊಂದು ಫೈಲ್. ನಿರ್ಮಾಪಕರು ಬರಹದಲ್ಲಿ ಒಪ್ಪಿದರೆ ಸಂಕಲನಕಾರರಿಗೆ ಕೊಡುವುದು ಕಷ್ಟವಲ್ಲ. ಅವರಲ್ಲಿ ಇನ್ನೂ ಮುಲಾಜು ಇರುವಾಗಲೇ ಕೇಳು. ಕಂಪನಿ ದಿವಾಳಿ ಆದಮೇಲೆ ಕೇಳಿದರೆ ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ.

ಹೊಸ ನಿರ್ದೇಶಕರ ಸೀನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಮೈ ತೋರಿಸುವ, ಮೈ ಮುಟ್ಟುವ ದೃಶ್ಯವಾದರೆ ಮೊದಲೇ ಬರಹದಲ್ಲಿ ನಿನ್ನ ಒಪ್ಪಿಗೆ ಬೇಕು. ಅಂಥ ದೃಶ್ಯದಲ್ಲಿ ಕಲಾವಿದರ ಹಿತ ನೋಡಿಕೊಳ್ಳುವ ಇಂಟಿಮಸಿ ಕೋಆರ್ಡಿನೇಟರ್ ಬೇಕು ಅಂತ ಕೇಳು. ಇಲ್ಲ ಅಂದರೆ ಮಾಡಬೇಡ. ಬೇರೆ ಥರದ ಸೀನ್ ಆದರೆ ಪಾತ್ರಕ್ಕಾಗಿ ವಾದ ಮಾಡು, ಅದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಹತ್ತಿರದ ರಾಮದೇವರ ಬೆಟ್ಟ, ಸಾವನದುರ್ಗದಲ್ಲಿ ಗುಹೆಬಾಯಿ ಕೊರೆಸಿ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರು 'ಎ ಪ್ಯಾಸೇಜ್ ಟು ಇಂಡಿಯಾ' ತೆಗೆದರಲ್ಲ, 1984ರಲ್ಲಿ ಬಿಡುಗಡೆಯಾದದ್ದು. ಅದರ ನಾಯಕಿ ಜೂಡಿ ಡೇವಿಸ್ ಆಸ್ಟ್ರೇಲಿಯಾದವರು, ಚಿಕ್ಕ ವಯಸ್ಸು. ಪಾತ್ರದ ವಿಷಯದಲ್ಲಿ ಅಷ್ಟು ದೊಡ್ಡ ನಿರ್ದೇಶಕರ ಜೊತೆ ಅವರಿಗೆ ಜಟಾಪಟಿಯೇ ನಡೆಯಿತು. ಅದೇ ಪಾತ್ರಕ್ಕೆ ಅವರ ಹೆಸರು ಆಸ್ಕರ್‌ವರೆಗೂ ಹೋಯಿತು. ನಮ್ಮ ಊರಿನ ಬಂಡೆಗಳ ಮೇಲೆ ಪರದೇಶದ ಹುಡುಗಿ ಗಟ್ಟಿಯಾಗಿ ನಿಂತಳು ಅಂದಮೇಲೆ, ಬೆಂಗಳೂರಿನ ಹುಡುಗಿ ಅಲ್ಲಿ ನಿಲ್ಲಬಾರದಾ? ಆದರೆ ವ್ಯತ್ಯಾಸ ನೆನಪಿರಲಿ. ಅವರ ಬೆನ್ನಿಗೆ ಆಗಲೇ ಹೆಸರಿತ್ತು. ನಿನ್ನ ವೀಸಾ ನಿರ್ಮಾಪಕರಿಗೆ ಅಂಟಿಕೊಂಡಿದೆ. ಸೆಟ್ಟಿನಲ್ಲಿ ದನಿ ಏರಿಸಬೇಡ, ಆ ದಿನ ಸಂಜೆಯೇ ಇಮೇಲ್‌ನಲ್ಲಿ ಬರೆ.

ಮನಸ್ಸು ತೀರಾ ಭಾರವಾದರೆ ಲ್ಯಾಂಬೆತ್ ಕಡೆ ಥೇಮ್ಸ್ ದಂಡೆಗೆ ಹೋಗಿ ಬಾ. ಪಾರ್ಲಿಮೆಂಟ್ ಎದುರಿನ ದಡದಲ್ಲಿ ನಮ್ಮ ಬಸವಣ್ಣನ ಪುತ್ಥಳಿ ಇದೆ, 2015ರಲ್ಲಿ ಇಟ್ಟದ್ದು. ಅಲ್ಲಿ ಒಂದಲ್ಲ ಒಂದು ದಿನ ಕನ್ನಡದವರು ಸಿಕ್ಕೇ ಸಿಗುತ್ತಾರೆ.

ನಾನೀಗ ಊರಲ್ಲೇ ಇದ್ದೇನೆ. ಮೊನ್ನೆ ಗಾಂಧಿ ಬಜಾರಿನಲ್ಲಿ ನಿನ್ನ ಅಮ್ಮ ಸಿಕ್ಕಿದ್ದರು. ಮಗಳ ಪೋಸ್ಟರ್ ಯಾವಾಗ ಬರುತ್ತೆ ಅಂತ ಕೇಳಿದರು. ಕೆಲಸ ನಡೀತಿದೆ ಅಂದೆ. ಮಿಕ್ಕಿದ್ದನ್ನು ನೀನೇ ಹೇಳು, ಅದೂ ಬೇಗ ಹೇಳು. ಸುಮ್ನೆ ಕಾಯಿಸಬೇಡ. ಕರಾರಿನ ಪ್ರತಿ ಇವತ್ತೇ ನನಗೆ ಕಳಿಸು, ಪುಟ ಬಿಡದೆ ಓದುತ್ತೇನೆ.